ಮಗುಚಿದ ದೋಣಿಯ ಬೆಲೆ

ಆರ್ಕ್‌ನಿಯ ಬಡಗಣ ದ್ವೀಪ. ಮರವೆಂಬುದಿಲ್ಲ.
ಗಾಳಿ, ಗಾಳಿಗೆ ಬೆನ್ನು ಕೊಟ್ಟು ನಿಂತ ದನ,
ಕಲ್ಲು.
ಬೆಳಗಿನ ಹಡಗಿನಲ್ಲಿ ಹೋದೆ, ಹೊಟ್ಟೆ ತೊಳಸುತ್ತ,
ಕಂಕುಳಲ್ಲಿ ಪಟ್ಟಿ.
ಸತ್ತವರ ಸಾಮಾನಿಗೆ ಬೆಲೆ ಕಟ್ಟುವುದು ನನ್ನ ಕಸುಬು.

ಎರ್ಲೆಂಡ್ ಹಾರ್ಕಸ್ ಬರೆದಿಟ್ಟ ಉಯಿಲು ಒಂದೇ ಸಾಲು:
ಎಲ್ಲವೂ ಸ್ಯಾಂಡರನಿಗೆ.
ಆದರೆ ನಮ್ಮ ಕಾನೂನಿಗೊಂದು ಹಟವಿದೆ.
ನೆಲ, ಗೋಡೆ, ಸೂರು ಅಪ್ಪನ ಇಷ್ಟ.
ಎತ್ತಿ ಒಯ್ಯಬಹುದಾದದ್ದರಲ್ಲಿ ಮಾತ್ರ
ಯಾವ ಮಗುವಿನ ಪಾಲನ್ನೂ ಅವನು ಅಳಿಸಲಾರ.
ಅದಕ್ಕೇ ನನ್ನ ಪಟ್ಟಿಗೆ ಎರಡು ಅಂಕಣ:
ಚರ. ಸ್ಥಿರ.

ಕುರಿ ಅರವತ್ತೊಂದು, ಚರ.
ಟ್ರ್ಯಾಕ್ಟರು, ಚರ; ಚಲಿಸುವುದಿಲ್ಲ, ಆದರೂ ಚರ.
ಗಡಿಯಾರಕ್ಕೆ ಮೊಳೆ ಹೊಡೆದಿದೆಯೋ, ನೇತು ಹಾಕಿದೆಯೋ?
ನೇತು ಹಾಕಿದೆ. ಸರಿ, ಚರ.
ಹೀಗೆ ಮಧ್ಯಾಹ್ನದವರೆಗೆ ಸಲೀಸಾಗಿತ್ತು.

ಆಮೇಲೆ ಹಿತ್ತಲ ಕೊಟ್ಟಿಗೆ.
ನಾಲ್ಕು ಗೋಡೆ, ಮೇಲೆ ಬೋರಲು ಹಾಕಿದ
ಹದಿನೆಂಟಡಿಯ ಹಳೆಯ ದೋಣಿ.
ಮೊಳೆಯಿಲ್ಲ, ಗಾರೆಯಿಲ್ಲ,
ಹಗ್ಗದ ತುದಿಗೆ ಕಟ್ಟಿದ ಕಲ್ಲುಗಳ ಭಾರ ಅಷ್ಟೆ.
ಮೂವತ್ತು ವರ್ಷದಿಂದ ಹಾಗೇ.

"ದೋಣಿ," ಅಂದಳು ಮೆರನ್,
ಕರ್ಕ್‌ವಾಲ್‌ನಲ್ಲಿ ಬಸ್ಸು ಓಡಿಸುವ ಮಗಳು.
"ಇದರ ನೀರು ಮೊಗೆದವಳು ನಾನು.
ಇವನು ದಂಡೆಯಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದ."
"ಸೂರು," ಅಂದ ಸ್ಯಾಂಡರ್.
"ಮಳೆ ಬಂದಾಗ ಕೆಳಗೆ ನಿಂತು ನೋಡು."

ಟಾರ್ಚು ಹಿಡಿದು ಒಳಗೆ ಅಂಗಾತ ಮಲಗಿದೆ,
ಕೋಳಿಯ ಹಿಕ್ಕೆಯ ಮೇಲೆ.
ಪಕ್ಕೆಲುಬುಗಳು. ಟಾರಿನ ವಾಸನೆ.
ಅಡ್ಡಹಲಗೆಯ ಮೇಲೆ ಕೂತು ಕೂತು ಸವೆದ
ಎರಡು ಹೊಳಪು: ಒಂದು ಅಗಲ,
ಪಕ್ಕದಲ್ಲಿ ಒಂದು ಪುಟ್ಟದು.
ಈಗ ಅಲ್ಲಿ ಕೂರಬೇಕೆಂದರೆ ಬಾವಲಿಯಾಗಬೇಕು.
ನಾನೂರು ಪೌಂಡು ಎಂದು ಬರೆದೆ.
ಅಂಕಣ ಖಾಲಿ ಬಿಟ್ಟೆ.

ಹನ್ನೊಂದು ತಿಂಗಳು.
ನಾನೂರು ಪೌಂಡಿನ ದೋಣಿಯ ಬಗ್ಗೆ
ಒಂಬತ್ತು ಸಾವಿರ ಪೌಂಡಿನ ಕಾಗದ ಓಡಾಡಿತು.
ಒಡಹುಟ್ಟಿದವರೇ, ಬಾಯಿ ಹೊಟ್ಟೆ ಬೇರೆ;
ಮೂರನೆಯ ಹೊಟ್ಟೆ ವಕೀಲರದು.
(ನನ್ನ ಶುಲ್ಕವೂ ಅದರಲ್ಲಿತ್ತು, ಮುಚ್ಚಿಡುವುದೇಕೆ.)

ಜನವರಿಯ ಒಂದು ರಾತ್ರಿ
ಗಾಳಿಯೇ ಸಾಕ್ಷಿ ನುಡಿಯಲು ಬಂತು.
ಕಲ್ಲುಗಳ ಸಮೇತ ಎತ್ತಿ, ಗೋಡೆ ದಾಟಿಸಿ,
ನೆರೆಯವನ ಟರ್ನಿಪ್ ಹೊಲದಲ್ಲಿ
ಮುಖ ಮೇಲಾಗಿ ನೆಟ್ಟಗೆ ಕೂರಿಸಿತು.
ಮೆರನ್ ಫೋಟೋ ಕಳಿಸಿದಳು, ಕೆಳಗೆ ಎರಡೇ ಮಾತು:
ಈಗ ಹೇಳಿ.

ಸ್ಯಾಂಡರನ ವಕೀಲೆ ತಣ್ಣಗೆ ಉತ್ತರಿಸಿದಳು:
ಲೆಕ್ಕಕ್ಕೆ ಬರುವುದು ಸತ್ತ ದಿನ.
ಆ ದಿನ ಅದು ಅಲುಗಿರಲಿಲ್ಲ.

ಕಾನೂನಿನ ಪ್ರಕಾರ ಅವಳ ಮಾತೇ ಖರೆ.
ಎಲ್ಲವೂ ಆ ಒಂದು ದಿನ ಹೇಗಿತ್ತೋ ಹಾಗೆ:
ಕುರಿ ಮೇಯುತ್ತಲೇ, ಗಡಿಯಾರ ನೇತಾಡುತ್ತಲೇ,
ದೋಣಿ ಮಗುಚಿಕೊಂಡೇ,
ಮಕ್ಕಳು ಮಾತು ಬಿಟ್ಟೇ.

ಮತ್ತೆ ಹೋದೆ. ಅದೇ ಹಡಗಿನಲ್ಲಿ ಮೆರನ್ ಕೂಡ,
ಎರಡು ಸಾಲು ಮುಂದೆ, ತಿರುಗಿ ನೋಡದೆ.
ಕೊಟ್ಟಿಗೆಗೆ ನೀಲಿ ತಾಡಪಾಲು ಬಂದಿತ್ತು.
ಹೊಲದ ದೋಣಿಯಲ್ಲಿ ಮೊಣಕಾಲುದ್ದ ಮಳೆನೀರು.
ಅವಳು ಹತ್ತಿದಳು, ಕೈಗೆ ಸಿಕ್ಕ ಡಬ್ಬಿಯಿಂದ
ಮೊಗೆಯತೊಡಗಿದಳು. ಯಾರೂ ಹೇಳಿರಲಿಲ್ಲ.

ಗೋಡೆಯಾಚೆಯಿಂದ ಸ್ಯಾಂಡರ್:
"ಅದು ಸೋರುತ್ತೆ."
"ಗೊತ್ತು."
ವರ್ಷದಲ್ಲಿ ವಕೀಲರಿಲ್ಲದೆ ಆಡಿದ ಮಾತು ಅಷ್ಟೇ.
ಅವನು ಹೋಗಲೂ ಇಲ್ಲ, ಇಳಿದು ಬರಲೂ ಇಲ್ಲ.

ದೋಣಿಯಂಚಿನ ಮೇಲೆ ಸಾಲಾಗಿ ಕೂತಿದ್ದವು
ಸೂರು ಕಳೆದುಕೊಂಡ ಕೋಳಿಗಳು,
ಅವಳು ಡಬ್ಬಿ ಬೀಸಿದಾಗಲೊಮ್ಮೆ ರೆಕ್ಕೆ ಬಡಿದು
ಮತ್ತೆ ಅಲ್ಲೇ.
ಪಟ್ಟಿ ತೆಗೆದು ನೋಡಿದೆ:
ಇವನ್ನು ಎಣಿಸಲು ಮರೆತೇಹೋಗಿತ್ತು.
ಇಬ್ಬರೂ ಕೇಳಿರಲಿಲ್ಲ.