ಮೂರು ನಿಮಿಷ

ನೆಬ್ರಾಸ್ಕಾದ ಪುಟ್ಟ ಊರು, ನಗರಸಭೆಯ ಮಂಗಳವಾರ.
ಮಾತಿಗೆ ತಲಾ ಮೂರು ನಿಮಿಷ. ಮೇಜಿನ ಮೇಲೆ
ಹಸಿರು, ಹಳದಿ, ಕೆಂಪು ದೀಪ.

ಮೊದಲ ಸರದಿ ಓಬ್ದುಲಿಯಾಳದು.
ತಮ್ಮನ ಜನನಪತ್ರ ಎತ್ತಿ ಹಿಡಿದಳು:
"ಇದನ್ನೇ ತೋರಿಸಿದ. ಖೋಟಾ ಅಂದರು.
ಈಗ ಎಂದೂ ನೋಡದ ಊರಿನ
ಬಸ್ ನಿಲ್ದಾಣದಿಂದ ಫೋನ್ ಮಾಡುತ್ತಾನೆ,
ಕಸಾಯಿಖಾನೆಯ ರಬ್ಬರ್ ಬೂಟಿನಲ್ಲೇ..."
ಗಂಟಲು ಕಟ್ಟಿತು. ಕೆಂಪು ದೀಪ.

ಸದಸ್ಯರೊಬ್ಬರು ಗಡಿಯಾರ ನೋಡಿಕೊಂಡರು:
ವಲಸೆಯ ವಿಚಾರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ,
ಇವತ್ತು ಮೋರಿ ದುರಸ್ತಿಯದಷ್ಟೇ ಚರ್ಚೆ.

ಹಿಂದಿನ ಸಾಲಿನಿಂದ ಎದ್ದಳು ಆರ್ಡಿಸ್ ಟ್ವೇಟ್,
ಎಂಬತ್ತೊಂದು ವರ್ಷ, ನಿವೃತ್ತ ದಾದಿ,
ಹೋದ ಚುನಾವಣೆಯಲ್ಲಿ ಅದೇ ಸದಸ್ಯರ ಫಲಕ
ಅಂಗಳದಲ್ಲಿ ನೆಟ್ಟಿದ್ದವಳು.

"ಹಿಮ ಸುರಿದು ಡಾಕ್ಟರು ಬರಲಾಗದ ರಾತ್ರಿ
ಆ ಹುಡುಗನ ಹೊಕ್ಕುಳಬಳ್ಳಿ ಕತ್ತರಿಸಿದ್ದು ನಾನು.
ಪತ್ರದ ಕೆಳಗಿರುವ ಸೊಟ್ಟ ಸಹಿ ನಂದು.
ಅದು ಖೋಟಾ ಅಂದರೆ ನಾನೂ ಖೋಟಾ.
ಅದೇ ವಾರ್ಡಿನಲ್ಲಿ, ಮರುವಾರ, ನಿನ್ನದನ್ನೂ ಕತ್ತರಿಸಿದೆ, ಲೈಲ್.
ನಿನ್ನ ಕಾಗದ ತಂದಿದ್ದೀಯಾ?"

ದೀಪ ಇನ್ನೂ ಹಸಿರಿತ್ತು.
ಉಳಿದ ಎರಡು ನಿಮಿಷ
ಅವಳು ಮಾತಾಡಲಿಲ್ಲ.
ಕೂರಲೂ ಇಲ್ಲ.