ಮೊದಲ ಅಚ್ಚು

ಬಂದರಿನ ಗುಜರಿ ಅಂಗಡಿಯಲ್ಲಿ ಇದಿನಬ್ಬ
ಹದಿನೇಳು ರೆಕಾರ್ಡು ತಕ್ಕಡಿಗೆ ಹಾಕಿದ.
"ಕಬ್ಬಿಣ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ ಮಾರಾಯ್ರೆ,
ಯಾವ ರೇಟು ಹಾಕುವುದು, ನೀವೇ ಹೇಳಿ."
ನಾನು ಮುಖ ಸಪ್ಪೆ ಮಾಡಿಕೊಂಡೆ.
ಇಪ್ಪತ್ತೆರಡು ವರ್ಷದ ಅಭ್ಯಾಸ:
ಬೇಕಾದದ್ದು ಕಂಡರೆ
ಬೇಡದ್ದನ್ನು ಎತ್ತಿ ನೋಡುವುದು.

ಎಂಟನೆಯದು ಅವಳದು.
ಲೇಬಲ್ಲಿನ ಕೆಂಪು ಮಾಸಿ ಹಳೆ ಹೆಂಚಿನ ಬಣ್ಣ,
ಅದರಲ್ಲಿ 'ಮಂಗಳೂರಿನ ಓರ್ವ ಸ್ತ್ರೀ', ಅಷ್ಟೆ.
ಹಾಡು ಮುಗಿದು ಲೇಬಲ್ಲು ಶುರುವಾಗುವ ನುಣುಪಿನಲ್ಲಿ
ಬೆರಳಾಡಿಸಿದೆ, ಕಣ್ಣು ಬೇರೆಲ್ಲೋ ಇಟ್ಟು.
ಕೆತ್ತಿದ ಅಂಕೆಗಳ ಕೊನೆಗೆ ಒಂದು.
ಎರಡಲ್ಲ,
ಒಂದು.

ಎರಡನೇ ಅಚ್ಚು ನನ್ನಲ್ಲೇ ಮೂರಿವೆ.
ಮೂರರಲ್ಲೂ ಕೊನೆಯ ನಾಲ್ಕು ಸೆಕೆಂಡು ಯಾರೋ ಕೊಯ್ದಿದ್ದಾರೆ,
ಅವಳು ಹೆಸರು ಹೇಳುವ ಜಾಗ.
ಆಗೆಲ್ಲ ಹೇಳಬೇಕಿತ್ತಂತೆ, ಹಾಡಿ ಮುಗಿಸಿ, ಗಟ್ಟಿಯಾಗಿ,
ಕಡಲಾಚೆಯ ಕಾರ್ಖಾನೆಯವನಿಗೆ
ಇದು ಯಾರ ತಟ್ಟೆ ಎಂದು ತಿಳಿಯಲಿಕ್ಕೆ.

ಹದಿನೇಳನ್ನೂ ಕೊಂಡೆ, ಯಾವುದು ಬೇಕೆಂದು ಗೊತ್ತಾಗದ ಹಾಗೆ.
ನಾಲ್ಕು ಕಿಲೋ ಇನ್ನೂರು ಗ್ರಾಂ.
ಇನ್ನೂರು ಗ್ರಾಂ ಬಿಟ್ಟು, ನೂರ ಅರುವತ್ತು ರೂಪಾಯಿ.
ಇದಿನಬ್ಬ ಒಳ್ಳೆಯವನು. ನಾನು ಅಷ್ಟಲ್ಲ.

ಜೆಪ್ಪುವಿನ ಬಸ್ಸಿನಲ್ಲಿ ಕಂಡಕ್ಟರು ಎಲ್ಲರನ್ನೂ ಮುಂದೆ ನೂಕುತ್ತಿದ್ದ.
ಅರಗು ಇದು. ಬಿದ್ದರೆ ಹೋಳು,
ಬಿಸಿಲು ತಾಗಿದರೆ ನೀರುದೋಸೆ.
ಮೊಣಕೈ ಎರಡನ್ನೂ ಬೇಲಿ ಮಾಡಿ ನಿಂತೆ.

ಮನೆಯಲ್ಲಿ ಅಂಟುವಾಳದ ನೊರೆ, ಲೇಬಲ್ಲು ನೆನೆಯದ ಹಾಗೆ.
ಹಳೆ ಬೈರಾಸಿನಲ್ಲಿ ಒರಸಿದೆ. ಹೊಸ ಸೂಜಿ.
ಮೊದಲು ಬಂಗುಡೆ ಕಾಯುವ ಸದ್ದು,
ಅಡುಗೆಮನೆಯದೋ ತಟ್ಟೆಯದೋ ತಿಳಿಯಲಿಲ್ಲ.
ಆಮೇಲೆ ಅವಳು.

ಹಾಡನ್ನು ನಾನು ಕೇಳಲೇ ಇಲ್ಲ, ಸುಳ್ಳೇಕೆ.
ಅರಗಿನ ಮನೆಗೊಂದು ಸುರಂಗ ಇರುತ್ತದಲ್ಲ,
ಇಲ್ಲಿ ಅದು ಸುರುಳಿ.
ಸೂಜಿ ಸುತ್ತಿ ಸುತ್ತಿ ಒಳಗೆ ಹೋದಷ್ಟೂ
ಅವಳು ಹೊರಗಿನ ಬಾಗಿಲಿಗೆ ಹತ್ತಿರ.

ಪಿಟೀಲು ನಿಂತಿತು. ಒಂದು ಉಸಿರು.
"ನಾನು ರಾಧು. ಬೋಳೂರು ಚಿಕ್ಕಿಯ ಮಗಳು."
ಮತ್ತೆ, ಯಾರ ಕಡೆಗೋ ತಿರುಗಿ, ಸಣ್ಣಗೆ:
"ಆಯ್ತಾ?"

ತಂದೆಯ ಹೆಸರಿಲ್ಲ.
ಕೊಯ್ದದ್ದು ಏಕೆಂದು ಆಗ ಹೊಳೆಯಿತು.

ಸೂಜಿ ಎತ್ತಲು ಕೈ ಬರಲಿಲ್ಲ, ತಟ್ಟೆ ಸುಮ್ಮನೆ ತಿರುಗುತ್ತಿತ್ತು.
ಇಷ್ಟು ವರ್ಷ ನನ್ನ ಒಂದು ರೆಕಾರ್ಡಿಗೂ ಕಿವಿಗೊಡದ ಸೆರಫಿನ್
ಸಟ್ಟುಗ ಹಿಡಿದೇ ಒಳಗಿಂದ ಕೂಗಿದಳು:
"ಯಾರದು ಬಂದದ್ದು? ಹೊರಗೇ ನಿಲ್ಲಿಸಿದ್ದೀರಾ?
ಒಳಗೆ ಬರಲಿಕ್ಕೆ ಹೇಳಿ. ಚಹಾ ಇಡುತ್ತೇನೆ."