ಮೂರು ವ್ಯಂಜನ

ಲೀಡ್ಸಿನ ಈ ಗ್ರಂಥಾಲಯದಲ್ಲಿ ನನ್ನ ಕೆಲಸ ಓದುವುದಲ್ಲ,
ಪೆಟ್ಟಿಗೆ ಎತ್ತಿ ತರುವುದು.
ನೆಲಮಾಳಿಗೆಯಿಂದ ನಲವತ್ತೊಂದು ಮೆಟ್ಟಿಲು,
ಕೈ ತೊಳೆದು, ಒರೆಸಿ, ಬರಿಗೈಯಲ್ಲಿ.

ಹದಿನೇಳನೇ ಪೆಟ್ಟಿಗೆಯಲ್ಲೊಂದು ಚೂರು,
ಅಂಗೈಗಿಂತ ಚಿಕ್ಕದು.
ಹಳೇ ಕೈರೋದ ಹೆಂಗಸೊಬ್ಬಳು
ಒಂಬೈನೂರು ವರ್ಷದ ಹಿಂದೆ
ಹಡಗು ಹತ್ತಿದ ಗಂಡನಿಗೆ ಬರೆಸಿದ್ದು.
ಎಲ್ಲಾದರೂ ದೇವರ ಹೆಸರಿದ್ದೀತೆಂದು
ಯಾರೂ ಎಸೆಯಲಿಲ್ಲ, ಸಿನಗಾಗಿನ ಅಟ್ಟಕ್ಕೆ ಹಾಕಿದರು.
ಕಾಗದ ತುಳಿದರೆ ಕಣ್ಣಿಗೊತ್ತಿಕೊ ಎನ್ನುತ್ತಿದ್ದ ನನ್ನಜ್ಜಿಗೆ
ಇದನ್ನು ವಿವರಿಸಬೇಕಿರಲಿಲ್ಲ.

ನಾಲ್ಕನೇ ಸಾಲು:
ಈ ಚಳಿಗಾಲ ನಾವು ಕಳೆದದ್ದು —
ಆಮೇಲೆ ಬೇತ್, ತ್ಸಾದೆ, ಲಾಮೆದ್.
ಆಮೇಲೆ ಹುಳು ತಿಂದ ತೂತು.

ನಮ್ಮ ಅಕ್ಷರಕ್ಕೆ ಸ್ವರ ಮೈಗಂಟಿಯೇ ಇರುತ್ತದೆ,
ತಲಕಟ್ಟು, ಗುಡಿಸು, ಕೊಂಬು, ಏತ್ವ;
ಅವರದು ಬೋಳು ಮರ.
ಓದುವವರು ತಮ್ಮ ಉಸಿರು ತಾವೇ ತರಬೇಕು.

ಆಶರ್ ಫೆಲ್ಡ್‌ಬ್ರಾಂಡ್ ಓದಿದ್ದು: ನೆರಳಿನಲ್ಲಿ.
ಯಾರ ನೆರಳು? ದೇವರದೋ, ಸಾಲ ಕೊಟ್ಟವನದೋ,
ಬಾರದೇ ಹೋದವನದೋ?
ಆ ತೂತಿನ ಮೇಲೆ ಮೂವತ್ತೆಂಟು ಪುಟ ಬರೆದರು.
ಟೋವಾ ಕಾಮಿನ್‌ಸ್ಕಿ ಒಂದೇ ಪುಟದಲ್ಲಿ ಮುಗಿಸಿದರು:
ಈರುಳ್ಳಿ. ಬರೀ ಈರುಳ್ಳಿ ತಿಂದು ಚಳಿಗಾಲ ಕಳೆದರು.
ಹಸಿದವಳಿಗೆ ಉಪಮೆ ಎಲ್ಲಿಂದ ಬರಬೇಕು?

(ನಮ್ಮಲ್ಲಿ ವ್ಯಂಜನವೆಂದರೆ
ನೆಂಚಿಕೊಳ್ಳುವುದೂ ಹೌದು ಮೇಡಂ ಎಂದು
ಎಷ್ಟೋ ಸಲ ಬಾಯಿತನಕ ಬಂದಿತ್ತು.)

ಮಂಗಳವಾರ ಅವರು, ಗುರುವಾರ ಇವರು,
ಅದೇ ಮೇಜು, ಹದಿನೆಂಟು ವರ್ಷ.
ಪೆಟ್ಟಿಗೆಯೊಳಗೆ ಪೆನ್ಸಿಲ್ಲಿನ ಚೀಟಿ,
ನಿಯಮಕ್ಕೆ ವಿರುದ್ಧ; ನಾನು ನೋಡದವನಂತೆ.
ಇವತ್ತು ಮತ್ತೆ ನೋಡಿದೆ. ನೆರಳೇ.
ಮೊದಲು ಊಟ ಮಾಡಿ, ಆಮೇಲೆ ನೋಡಿ. ಈರುಳ್ಳಿ.

ಫೆಬ್ರವರಿಯಲ್ಲಿ ಎರಡು ಮಂಗಳವಾರ ಕುರ್ಚಿ ಖಾಲಿ.
ಮೂರನೆಯದಕ್ಕೆ ಬಂದದ್ದು ಟೋವಾ,
ಕೋಟಿನಂಚಿಗೆ ಸ್ಮಶಾನದ ಕೆಸರು.
ಪೆಟ್ಟಿಗೆ ಇಟ್ಟೆ. ಭೂತಗನ್ನಡಿ ತೆಗೆಯಲಿಲ್ಲ ಆಕೆ.
ಒಳಗೊಂದು ಚೀಟಿ. ನೆರಳೆಂದಿಲ್ಲ, ಈರುಳ್ಳಿಯೆಂದಿಲ್ಲ,
ಮೂರು ವ್ಯಂಜನ, ಅಷ್ಟೇ,
ಅಂಗಡಿಯ ಲೆಕ್ಕದಷ್ಟು ಚಿಕ್ಕ ಅಕ್ಷರದಲ್ಲಿ.

ಪರದೆ ಸ್ವಲ್ಪ ಎಳೆಯುತ್ತೀರಾ, ಎಂದರು,
ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ.
ಬೆಳಗಿನಿಂದ ಲೀಡ್ಸಿನಲ್ಲಿ ಸೂರ್ಯನೇ ಇರಲಿಲ್ಲ.
ಎಳೆದೆ.

ಹೊರಡುವಾಗ ಬಾಗಿಲಲ್ಲಿ ನಿಂತು,
ಆದರೂ ಈರುಳ್ಳಿಯೇ, ಎಂದರು.

ಕಸದ ಬುಟ್ಟಿ ಪಕ್ಕದಲ್ಲೇ ಇತ್ತು.
ಚೀಟಿಯನ್ನು ಆ ಚೂರಿನ ಮಗ್ಗುಲಲ್ಲಿ ಮಲಗಿಸಿ
ಮುಚ್ಚಳ ಹಾಕಿ ಕೆಳಗಿಳಿಸಿದೆ.
ಕ್ಯಾಟಲಾಗಿನಲ್ಲಿ ಅದಕ್ಕಿನ್ನೂ ನಂಬರಿಲ್ಲ.